ಹದಿನಾಲ್ಕು ಮಿಲಿಮೀಟರಿನ ಗೋಡೆ

ಮನೆಯ ಹಿಂದಿನ ಕೋಣೆ,
ಹದಿನಾರನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ತಲೆಯ ಹಿಂಭಾಗ ಹಿಡಿದುಕೊಂಡ ಹಾಗಾಗುತ್ತದೆ ಎಂದು ಹೋದ ತಿಂಗಳು ಬರೆದಿದ್ದೆಯಲ್ಲ, ಅದು ಈಗ ಹೇಗಿದೆ? ದಿಂಬು ಬದಲಾಯಿಸು ಎಂದು ನಾನು ಉತ್ತರ ಬರೆದಿದ್ದೆ. ಆ ಉತ್ತರ ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ. ಮೂವತ್ತೊಂದು ವರ್ಷ ಬಾಯ್ಲರ್ ಮನೆಯಲ್ಲಿ ಉಗಿಯ ಸದ್ದು ಕೇಳಿ ಕೇಳಿ ನನ್ನ ಕಿವಿ ಫೋನಿಗೆ ಲಾಯಕ್ಕಿಲ್ಲದ ಹಾಗಾಯಿತು, ಇಲ್ಲದಿದ್ದರೆ ನಾನೇ ಮಾತಾಡುತ್ತಿದ್ದೆ. ಮೊನ್ನೆ ನಿನ್ನ ಅತ್ತಿಗೆ ಫೋನು ಮಾಡಿ, ನೀನು ನಿಲ್ಲಿಸಿರುವ ಬಿಪಿ ಮಾತ್ರೆಯ ವಿಷಯಕ್ಕೆ ಡಾಕ್ಟರನ್ನು ಕಾಣು ಎಂದಳಂತೆ. ಅದಕ್ಕೆ ನೀನು, "ನಿಲ್ಲಿಸು ಅಂದೋನು ಅಣ್ಣ. ತಗೋ ಅಂತಾನೂ ಅವನೇ ಬರೀಲಿ" ಎಂದೆಯಂತೆ. ಹುಟ್ಟಿದಾಗಿನಿಂದ ನೀನು ಹೀಗೇ. ಹಿಡಿದ ಹಟ ಬಿಟ್ಟವಳಲ್ಲ, ಅದೂ ನನ್ನ ಬೆನ್ನಿಗೆ ನಿಂತು ಹಿಡಿದ ಹಟವನ್ನಂತೂ ಬಿಟ್ಟವಳೇ ಅಲ್ಲ. ಉತ್ತರ ಕೊಡುತ್ತೇನೆ, ಸ್ವಲ್ಪ ತಾಳು. ಮೊದಲು ನನ್ನ ಕಥೆ ಕೇಳು. ಎಂಟು ದಿನದಿಂದ ಗಂಟಲಲ್ಲೇ ನಿಂತಿರುವ ವಾಕರಿಕೆ ಇದು, ಎಲ್ಲಾದರೂ ಕಕ್ಕಿಬಿಡಬೇಕು.

ಆರು ವರ್ಷದ ಹಿಂದೆ ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ನನಗೆ ಬಿಪಿ ಇದೆ ಎಂದು ಗೊತ್ತಾಗಿದ್ದು ನಿನಗೆ ನೆನಪಿರಬೇಕು. ಅದರ ಮುಂದಿನ ವರ್ಷವೇ ನಿನಗೂ ಬಂತು. ಅಣ್ಣನದ್ದು ಏನಿದ್ದರೂ ನಿನಗೂ ಬೇಕಲ್ಲ! ದಿನಕ್ಕೊಂದು ಮಾತ್ರೆ ಕೊಟ್ಟರು, ನುಂಗಿದೆ. ಮನೆಗೊಂದು ಬಿಪಿ ಯಂತ್ರ ತಂದೆ. ಕಾರ್ಖಾನೆಯಲ್ಲಿ ಬಿಸಾಡಿದ್ದ ಹಳೆಯ ಲಾಗ್ ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಗೆರೆ ಹಾಕಿ, ಬಾಯ್ಲರಿನ ಒತ್ತಡ ಬರೆಯುವ ಹಾಗೆಯೇ ನನ್ನ ಒತ್ತಡವನ್ನೂ ಬೆಳಿಗ್ಗೆ ಸಂಜೆ ಬರೆದೆ. ನೂರಿಪ್ಪತ್ತೆರಡು, ನೂರಿಪ್ಪತ್ತು, ನೂರಿಪ್ಪತ್ನಾಲ್ಕು. ಹೀಗೇ ನಾಲ್ಕು ವರ್ಷ. ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪು ಗೆರೆಯ ಕೆಳಗಿದ್ದರೆ ಕೈ ಹಚ್ಚಬೇಡ ಎನ್ನುವುದು ಬಾಯ್ಲರ್ ಮನೆಯಲ್ಲಿ ಹೇಳಿಕೊಡುವ ಮೊದಲ ಪಾಠ. ನನ್ನ ತಲೆಯಲ್ಲಿ ಆ ಪಾಠ ಎದ್ದು ಕೂತಿತು. ಮುಳ್ಳು ಮಟ್ಟದಲ್ಲಿದೆ, ಇನ್ನು ಮಾತ್ರೆ ಯಾಕೆ? ಡಾಕ್ಟರನ್ನು ಕೇಳಲಿಲ್ಲ. ಊರಿನ ಜನವೆಲ್ಲ ಗೇಜಣ್ಣ ಎಂದು ಕರೆಯುವ ಮನುಷ್ಯ ಒಂದು ಮುಳ್ಳು ನೋಡುವುದನ್ನು ಇನ್ನೊಬ್ಬರನ್ನು ಕೇಳಿ ಕಲಿಯಬೇಕೇ? ನಿಲ್ಲಿಸಿದೆ. ನಿಲ್ಲಿಸಿ ಸುಮ್ಮನಿದ್ದರೂ ಆಗುತ್ತಿತ್ತು. ನಿನಗೆ ಒಂದೂವರೆ ಪುಟ ಬರೆದೆ, ಮುಳ್ಳಿನ ಚಿತ್ರ ಬೇರೆ ಬರೆದು. "ಡಬ್ಬಿ ಅಟ್ಟಕ್ಕೆ ಹಾಕಿದೆ ಅಣ್ಣಾ, ಇಲ್ಲಿಯ ಡಾಕ್ಟರಿಗೆ ಹೇಳೋಕೂ ಹೋಗಲ್ಲ" ಎಂದು ನಿನ್ನ ಉತ್ತರ ಬಂದಾಗ ಅದನ್ನು ನಿನ್ನ ಅತ್ತಿಗೆಗೆ ತೋರಿಸಿ, ನೋಡು, ನನ್ನ ತಂಗಿಗಾದರೂ ಬುದ್ಧಿ ಇದೆ ಎಂದು ಹಂಗಿಸಿದೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಗಾದೆ ಕಟ್ಟಿದವರು ನಮ್ಮ ಮನೆಯ ಜಗಲಿಯಲ್ಲೇ ಕೂತು ಕಟ್ಟಿರಬೇಕು.

ಆಮೇಲಿನದ್ದನ್ನು ನಿನಗೆ ಬರೆದಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಯಂತ್ರ ನೂರೈವತ್ತು ತೋರಿಸಿತು. ಒಂದು ದಿನ ನೂರರವತ್ತೆರಡು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಯಂತ್ರ ಡೊಂಕು ಎಂದೆ. ಬಾಯ್ಲರ್ ಮನೆಯಲ್ಲಿ ಗೇಜಿನ ಮೇಲೆ ಅನುಮಾನ ಬಂದರೆ ಅದರ ಪಕ್ಕ ಇನ್ನೊಂದು ಗೇಜು ಕೂರಿಸಿ ಹೋಲಿಸಿ ನೋಡದೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಹೊಸಬರಿಗೆ ನಾನೇ ಇದನ್ನು ಬೈದು ಬೈದು ಕಲಿಸಿದ್ದೇನೆ. ಮನೆಯಲ್ಲಿ ಮಾತ್ರ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಮಲಗಿಸಿದೆ. ಇಪ್ಪತ್ತೊಂದು ತಿಂಗಳ ಹಾಳೆ ಖಾಲಿ. ಕಾರ್ಖಾನೆಯ ಪುಸ್ತಕದಲ್ಲಿ ಒಂದು ಗಂಟೆಯ ಮನೆ ಖಾಲಿ ಬಿಟ್ಟವನನ್ನು ನಾನು ಮೂರು ದಿನ ಬೂದಿ ಎಳೆಯಲು ಹಾಕಿದವನು. ನಮ್ಮ ಪುಸ್ತಕದ ಕಟ್ಟುನಿಟ್ಟು ನಿನಗೆ ಗೊತ್ತಲ್ಲ. ತಪ್ಪು ಬರೆದರೆ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಕೆಳಗಿನ ಅಂಕಿ ಕಾಣುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ತಪ್ಪು ಮಾಡಿದವನೇ ಸಹಿ ಹಾಕಬೇಕು. ಮೂವತ್ತೊಂದು ವರ್ಷದಲ್ಲಿ ನನ್ನ ಸಹಿ ಹಾಗೆ ಬಿದ್ದಿರುವುದು ನಾಲ್ಕೇ ಸಲ. ಈ ನಾಲ್ಕನ್ನು ನಾನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಈಗ ಮೂರು ವಾರದ ಹಿಂದೆ ಬಾಯ್ಲರಿನ ಮೇಲಿನ ವಾಲ್ವ್ ನೋಡಲು ಕಬ್ಬಿಣದ ಏಣಿ ಹತ್ತುತ್ತಿದ್ದೆ. ಒಟ್ಟು ಹದಿನೆಂಟು ಮೆಟ್ಟಿಲು, ಕಣ್ಣು ಮುಚ್ಚಿ ಹತ್ತುವವನು ನಾನು. ಹನ್ನೊಂದನೆಯದರಲ್ಲಿ ಉಸಿರು ನಿಂತುಹೋಯಿತು. ಎರಡನೇ ಶಿಫ್ಟಿನವನು, ನನ್ನ ಹಳೆಯ ಜೊತೆಗಾರ, ಕೆಳಗಿನಿಂದ ನನ್ನ ಪ್ಯಾಂಟು ಹಿಡಿದು ಮಗುವನ್ನು ಇಳಿಸುವ ಹಾಗೆ ಇಳಿಸಿದ. ಕಾರ್ಖಾನೆಯ ನರ್ಸಮ್ಮ ಪಟ್ಟಿ ಕಟ್ಟಿ ನೋಡಿದರೆ ನೂರೆಪ್ಪತ್ತೆಂಟು, ಕೆಳಗೆ ನೂರನಾಲ್ಕು. ಪಟ್ಟಿ ಬಿಗಿಯಾಯಿತು ಎಂದೆ. ಆಕೆ ಇನ್ನೊಂದು ಯಂತ್ರ ತಂದು ಕಟ್ಟಿದಳು. ಅದೂ ಅಷ್ಟೇ. ಗೇಜನ್ನು ಗೇಜಿನ ಜೊತೆ ಹೋಲಿಸಬೇಕು ಎಂದು ಆಕೆಗೆ ಯಾರೂ ಬೈದು ಕಲಿಸಬೇಕಾಗಿರಲಿಲ್ಲ.

ಆಸ್ಪತ್ರೆಯ ಸುದ್ದಿ ಬರೆಯುವುದಕ್ಕೇ ಅಸಹ್ಯ. ಗೋಡೆಯುದ್ದಕ್ಕೂ ಕುರ್ಚಿ, ಕುರ್ಚಿಯಲ್ಲಿ ಕೂತವರ ತಲೆ ಒರಗಿ ಒರಗಿ ಗೋಡೆಯ ಮೇಲೆ ಎಣ್ಣೆಯ ಸಾಲು. ಹಿಂದಿನವನು ಮಲಗಿ ಎದ್ದ ಮಂಚದ ಮೇಲೆ ಅವನ ಬೆವರಿನ ಆಕಾರ ಇನ್ನೂ ಇತ್ತು, ಅದರ ಮೇಲೆ ನನ್ನನ್ನು ಮಲಗಿಸಿದರು. ಎದೆಯ ಮೇಲೆ ಅಲ್ಲಲ್ಲಿ ಕೂದಲು ಬೋಳಿಸಿ, ಏನೋ ಅಂಟು ಬಳಿದು, ರಬ್ಬರಿನ ಬುರುಡೆಗಳನ್ನು ಕಚ್ಚಿಸಿದರು. ಜಿಗಣೆ ಹಿಡಿದ ಎಮ್ಮೆಯ ಹಾಗೆ ಬಿದ್ದಿದ್ದೆ. ಅದು ಮುಗಿದ ಮೇಲೆ ಇನ್ನೊಂದು ಕತ್ತಲೆ ಕೋಣೆ. ಅಲ್ಲೊಬ್ಬ ತಣ್ಣಗಿನ ಲೋಳೆಯನ್ನು ಎದೆಗೆ ಸುರಿದು, ಇಸ್ತ್ರಿ ಹಾಕುವವನ ಹಾಗೆ ಒಂದು ಗುಂಡಿಯನ್ನು ಪಕ್ಕೆಲುಬಿಗೆ ಒತ್ತಿ ಒತ್ತಿ ಉಜ್ಜುತ್ತ, ತನ್ನ ಸಹೋದ್ಯೋಗಿಯ ಹತ್ತಿರ ಹೊಸ ಚಪ್ಪಲಿ ಕಚ್ಚುವ ವಿಷಯ ಮಾತಾಡುತ್ತಿದ್ದ. ಯಂತ್ರದಿಂದ ನನ್ನ ಹೃದಯದ ಸದ್ದು ಬಂತು. ಆ ಸದ್ದು ನನ್ನ ಕೆಟ್ಟ ಕಿವಿಗೂ ಕೇಳಿಸಿತು, ತಂಗೀ. ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುವ ಹಾಗೆ, ಲೊಚಕ್ ಲೊಚಕ್. ಅರವತ್ತು ವರ್ಷ ಇಂಥದ್ದೊಂದನ್ನು ಒಳಗಿಟ್ಟುಕೊಂಡು ಶುಭ್ರವಾದ ಅಂಗಿ ಹಾಕಿ ತಿರುಗಿದ್ದೇನಲ್ಲ ಎನಿಸಿತು. ಲೋಳೆ ಒರೆಸಿಕೊಳ್ಳಲು ಅವನು ಕೊಟ್ಟದ್ದು ಅಂಗೈಯಗಲದ ಕಾಗದ. ಉಳಿದದ್ದು ಅಂಗಿಗೆ ಮೆತ್ತಿ, ಬಸ್ಸಿನಲ್ಲಿ ಒಣಗಿ, ಮನೆಗೆ ಬರುವಷ್ಟರಲ್ಲಿ ಅಂಟಿನ ಡಬ್ಬಿಯಾಗಿದ್ದೆ.

ರಿಪೋರ್ಟು ಕೈಗೆ ಸಿಕ್ಕಿದ್ದು ಶುಕ್ರವಾರ, ಡಾಕ್ಟರು ಸಿಗುವುದು ಮಂಗಳವಾರ. ನಡುವಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಎಲ್ಲರೂ ಡಾಕ್ಟರುಗಳೇ. ಎಜೆಕ್ಷನ್ ಫ್ರಾಕ್ಷನ್ ಅರವತ್ತೈದು ಪರ್ಸೆಂಟ್ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ನಿನ್ನ ಅತ್ತಿಗೆ ಅದನ್ನು ಓದಿಸಿ ಕೇಳಿದವಳು ಅಲ್ಲೇ ನೆಲಕ್ಕೆ ಕೂತಳು. "ಮೂವತ್ತೈದು ಎಲ್ಲಿ ಹೋಯ್ತು?" ಅಂತ ಒಂದೇ ಪ್ರಶ್ನೆ. ನಾನೂ ಹಾಗೇ ತಿಳಿದಿದ್ದೆ. ಮೂರನೇ ಒಂದು ಪಾಲು ಹೃದಯ ಸತ್ತುಹೋಗಿದೆ, ಉಳಿದ ಎರಡು ಪಾಲಿನಲ್ಲಿ ಕಾಲ ತಳ್ಳಬೇಕು. ಶಾಲೆಯಲ್ಲಿ ಪಾಠ ಮಾಡುವ ನಮ್ಮ ಸೊಸೆ ರಿಪೋರ್ಟು ತಿರುಗಿಸಿ ನೋಡಿ, "ಅಳೋದು ಯಾಕೆ ಅತ್ತೆ, ಅರವತ್ತೈದು ಅಂದ್ರೆ ಫಸ್ಟ್ ಕ್ಲಾಸು. ಮಾವನ ಮೆಟ್ರಿಕ್ಕಿಗಿಂತ ಜಾಸ್ತಿ" ಎಂದಳು. ಸಮಾಧಾನಕ್ಕೆ ಹೇಳಿದ್ದು ಪಾಪ, ಆದರೆ ನನಗೆ ಉರಿದುಹೋಯಿತು. ಮನೆಯಲ್ಲಿ ಎರಡು ಹೊತ್ತು ಒಲೆ ಹೊತ್ತಲಿಲ್ಲ. ನಿನ್ನ ಅತ್ತಿಗೆ ನನ್ನನ್ನು ನೋಡುವ ನೋಟವೇ ಬೇರೆಯಾಯಿತು, ಹಳಸುವ ಮುಂಚೆ ಖಾಲಿ ಮಾಡಬೇಕಾದ ಪಾತ್ರೆಯನ್ನು ನೋಡುವ ಹಾಗೆ.

ಶನಿವಾರ ಬೆಳಿಗ್ಗೆ ರಿಪೋರ್ಟಿನ ಕೆಳಗಿನ ಸಾಲುಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಅಲ್ಲಿ ನನಗೆ ಅರ್ಥವಾಗುವ ಭಾಷೆ ಸಿಕ್ಕಿತು. ಹೃದಯದ ಎಡ ಕೋಣೆಯ ಗೋಡೆಯ ದಪ್ಪ ಹದಿನಾಲ್ಕು ಮಿಲಿಮೀಟರ್. ಪಕ್ಕದಲ್ಲಿ ಸಾಮಾನ್ಯವಾಗಿ ಇರಬೇಕಾದದ್ದು ಹನ್ನೊಂದರವರೆಗೆ ಎಂದಿತ್ತು. ನನಗೆ ಆದ ಸಂತೋಷ ಹೇಳತೀರದು! ವರ್ಷಕ್ಕೊಮ್ಮೆ ಬಾಯ್ಲರ್ ಇನ್ಸ್‌ಪೆಕ್ಟರು ಬಂದು, ಸುತ್ತಿಗೆಯಿಂದ ತಟ್ಟಿ, ತಗಡಿನ ದಪ್ಪ ಅಳೆದು, ಸವೆದು ತೆಳ್ಳಗಾಗಿದ್ದರೆ ಬಾಯ್ಲರಿಗೆ ಬೀಗ ಹಾಕಿಸುತ್ತಾರೆ. ದಪ್ಪವಿದ್ದರೆ ಬೆನ್ನು ತಟ್ಟಿ ಹೋಗುತ್ತಾರೆ. ನನ್ನದು ಸವೆದಿಲ್ಲ, ಬದಲಿಗೆ ಇರಬೇಕಾದದ್ದಕ್ಕಿಂತ ಮೂರು ಮಿಲಿಮೀಟರ್ ಹೆಚ್ಚು! ಅರವತ್ತೈದರ ದುಃಖವೆಲ್ಲ ಹಾರಿಹೋಯಿತು. ಬಾಯ್ಲರ್ ಮನೆಗೆ ಹೋದವನೇ ಎರಡೂ ಶಿಫ್ಟಿನವರಿಗೆ ಚಹಾ ಬಿಸ್ಕತ್ತು ತರಿಸಿದೆ. "ನಮ್ಮ ಬಾಯ್ಲರಿನ ಪ್ಲೇಟೂ ಹದಿನಾಲ್ಕೇ, ಗೇಜಣ್ಣಂದೂ ಹದಿನಾಲ್ಕೇ" ಎಂದು ಎರಡನೇ ಶಿಫ್ಟಿನವನು ಸೀಮೆಸುಣ್ಣದಲ್ಲಿ ಬಾಯ್ಲರಿನ ಹೊಟ್ಟೆಯ ಮೇಲೇ ಬರೆದ. ಎಲ್ಲರೂ ಸಾಲಾಗಿ ಬಂದು ನನ್ನ ಎದೆಗೆ ಬೆರಳಿನಿಂದ ತಟ್ಟಿ ನೋಡಿದರು. ನಾನು ಅಂಗಿಯ ಗುಂಡಿ ಬಿಚ್ಚಿ ನಿಂತಿದ್ದೆ. ಥೂ, ಅದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳಬೇಕೆನಿಸುತ್ತದೆ.

ಮಂಗಳವಾರ ಹೋದೆ. ಡಾಕ್ಟರಮ್ಮ ನಮ್ಮ ಸೊಸೆಯ ವಯಸ್ಸಿನವಳು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ನಾನೇ ಮೊದಲು ಬಾಯಿ ಹಾಕಿ, ಆ ಅರವತ್ತೈದು ಏನಾದರೂ ಆಗಲಿ, ಗೋಡೆ ಮಾತ್ರ ಗಟ್ಟಿ ಇದೆ ನೋಡಿ ಎಂದೆ. ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ರಿಪೋರ್ಟಿನ ಹಿಂಭಾಗದಲ್ಲಿ ಚಿತ್ರ ಬರೆದು, ನನ್ನ ಸರಿಯಿರುವ ಕಿವಿಯ ಕಡೆ ಕುರ್ಚಿ ಎಳೆದುಕೊಂಡು, ನಿಧಾನವಾಗಿ ಹೇಳಿದಳು. ಅರವತ್ತೈದು ಸರಿಯಾದ ಅಂಕಿಯಂತೆ. ಹೃದಯ ಒಂದು ಸಲ ಹಿಂಡಿದಾಗ ಒಳಗಿದ್ದ ರಕ್ತದಲ್ಲಿ ಎಷ್ಟು ಪಾಲು ಆಚೆ ಹೋಯಿತು ಎನ್ನುವ ಲೆಕ್ಕವಂತೆ ಅದು. "ಆರೋಗ್ಯವಾಗಿರೋರಿಗೂ ಐವತ್ತೈದರಿಂದ ಎಪ್ಪತ್ತರ ಆಸುಪಾಸೇ ಇರೋದು. ನೂರಕ್ಕೆ ನೂರು ಯಾರೂ ತೆಗೆಯಲ್ಲ" ಎಂದಳು. ಆಮೇಲೆ ಹದಿನಾಲ್ಕರ ಮೇಲೆ ಪೆನ್ನು ಇಟ್ಟಳು. "ಇದು ನೋಡಿ ನನಗೆ ಬೇಜಾರಾಗಿದ್ದು. ಇದು ತಗಡಲ್ಲ, ಮಾಂಸ. ವರ್ಷಗಟ್ಟಲೆ ಹೆಚ್ಚಿನ ಒತ್ತಡದ ಎದುರು ತಳ್ಳಿ ತಳ್ಳಿ ಹೀಗೆ ದಪ್ಪ ಆಗಿದೆ. ದಪ್ಪ ಆದಷ್ಟೂ ಬಿಗಿ. ಹಿಂಡೋದು ಹಿಂಡತ್ತೆ, ಆದರೆ ಸಡಿಲವಾಗಿ ರಕ್ತ ತುಂಬಿಕೊಳ್ಳೋಕೆ ಕಷ್ಟಪಡತ್ತೆ. ಏಣಿ ಮೇಲೆ ಉಸಿರು ಕಟ್ಟಿದ್ದು ಅದಕ್ಕೇ ಇರಬೇಕು." ಹೀಗೇ ಬಿಟ್ಟರೆ ಮುಂದೆ ಏನಾಗುತ್ತದೆ ಎಂದು ಕೇಳಿದೆ. ಹೃದಯ ಸೋಲಬಹುದು, ತಾಳ ತಪ್ಪಬಹುದು, ತಲೆಯ ನರಕ್ಕೂ ಹೊಡೆಯಬಹುದು ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯಲ್ಲ ಆಕೆ.

ಅಷ್ಟಕ್ಕೂ ನಾನು ಬಿಡಲಿಲ್ಲ ನೋಡು. ಮಾತ್ರೆ ನುಂಗುವಾಗ ಮುಳ್ಳು ಮಟ್ಟದಲ್ಲೇ ಇತ್ತು, ಅದಕ್ಕೇ ನಿಲ್ಲಿಸಿದೆ ಎಂದೆ. ಆಕೆ ಪೆನ್ನು ಮುಚ್ಚಿಟ್ಟು, "ನಿಮ್ಮ ಬಾಯ್ಲರಿನಲ್ಲಿ ಒತ್ತಡ ಏರದ ಹಾಗೆ ನೋಡಿಕೊಳ್ಳೋದು ಯಾವುದು?" ಎಂದು ಕೇಳಿದಳು. ಗೊತ್ತಿಲ್ಲದೆ ಕೇಳಿದ್ದು, ಪರೀಕ್ಷೆಗಲ್ಲ. ಬೆಂಕಿ ಹದ ಮಾಡುವವನು, ಅವನ ಕೈ ಮೀರಿದರೆ ಹೆಚ್ಚಿನ ಉಗಿ ಹೊರಬಿಡುವ ಸೇಫ್ಟಿ ವಾಲ್ವ್ ಎಂದೆ. "ಒತ್ತಡ ಸರಿಯಾಗಿದೆ ಅಂತ ಆ ಮನುಷ್ಯನನ್ನ ಮನೆಗೆ ಕಳಿಸಿ, ವಾಲ್ವನ್ನೂ ಬಿಚ್ಚಿಡ್ತೀರಾ?" ಎಂದಳು. ಮೂವತ್ತೊಂದು ವರ್ಷ, ತಂಗೀ. ಆ ಮನುಷ್ಯ ನಾನೇ. ಊಟಕ್ಕೆ ಹೋಗುವಾಗಲೂ ಇನ್ನೊಬ್ಬನನ್ನು ನಿಲ್ಲಿಸದೆ ಬಾಗಿಲು ದಾಟದವನು. ಮುಳ್ಳು ಮಟ್ಟದಲ್ಲಿರುವುದು ಯಾಕೆಂದರೆ ಅದನ್ನು ಮಟ್ಟದಲ್ಲಿ ಇಡುವವನು ಅಲ್ಲಿದ್ದಾನೆ ಎಂದು. ಇಷ್ಟು ಗೊತ್ತಾಗಲು ನನಗೆ ಹದಿನಾಲ್ಕು ಮಿಲಿಮೀಟರ್ ಬೇಕಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಈಗ ಎರಡು ಬಗೆಯ ಮಾತ್ರೆ, ಊಟದಲ್ಲಿ ಉಪ್ಪು ಹೆಸರಿಗೆ ಮಾತ್ರ, ವರ್ಷದ ಮೇಲೆ ಮತ್ತೆ ಆ ಲೋಳೆ. ಒತ್ತಡ ಹತೋಟಿಯಲ್ಲಿದ್ದರೆ ಗೋಡೆ ಸ್ವಲ್ಪ ಇಳಿಯಲೂಬಹುದು, ಪೂರ್ತಿ ಹಿಂದಕ್ಕೆ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದಿದ್ದಾಳೆ. ಉಪ್ಪಿಲ್ಲದ ಬೇಯಿಸಿದ ತರಕಾರಿ ಬಾಯಿಗಿಟ್ಟರೆ ಯಾರದೋ ಬಾಯಿಂದ ತೆಗೆದು ಕೊಟ್ಟ ಹಾಗಿರುತ್ತದೆ. ನುಂಗುತ್ತೇನೆ. ಮಾಡಿದ್ದುಣ್ಣೋ ಮಾರಾಯ. ಬಾಯ್ಲರಿನ ಮೇಲಿನ ಸೀಮೆಸುಣ್ಣದ ಬರಹವನ್ನು ನಿನ್ನೆ ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ, ಎಲ್ಲರೂ ನೋಡುತ್ತಿದ್ದರು. ಬೀರುವಿನಿಂದ ಯಂತ್ರವನ್ನೂ ಇಳಿಸಿದೆ. ನರ್ಸಮ್ಮನ ಯಂತ್ರದ ಪಕ್ಕ ಇಟ್ಟು ನೋಡಿದರೆ ಅದು ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ನಿನ್ನ ಅತ್ತಿಗೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, ಮಾತ್ರೆಗೆ ನೀರು ತಂದುಕೊಟ್ಟು, "ಅವಳಿಗೆ ಬರೆದ್ರಾ?" ಎಂದಳು. ಭಾನುವಾರ ಕೇಳಿದಳು, ಸೋಮವಾರ ಕೇಳಿದಳು. ಕೊನೆಗೆ ನನ್ನನ್ನು ನೆಚ್ಚಿ ಕೂತರೆ ಆಗದೆಂದು ತಾನೇ ಫೋನು ಮಾಡಿದ್ದು. ಮಂಗಳವಾರದ ಆ ದಿನದಿಂದ ಇಂದಿಗೆ ಎಂಟು ದಿನ. ಮೊದಲ ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ, ಆಮೇಲಿನ ನಾಲ್ಕು ದಿನ ದಿನಾ ಒಂದು ಕಾಗದ ಬರೆದು ಒಲೆಗೆ ಹಾಕಿದೆ. ಪ್ರತಿ ಸಲವೂ ಒಂದೇ ನೆನಪು ಅಡ್ಡ ಬರುತ್ತಿತ್ತು. ಹಳೆಯ ಮನೆಯ ಹಿತ್ತಲ ಗೋಡೆಯಿಂದ ನಾನು ಹಾರಿ, ಕೆಳಗೆ ನಿಂತು "ಏನೂ ಆಗಲ್ಲ, ಹಾರೇ" ಅಂದಿದ್ದೆ. ನಿನಗೆ ಏಳು ವರ್ಷ. ಒಂದು ಸಲವೂ ಕೆಳಗೆ ನೋಡದೆ ನನ್ನ ಮುಖವನ್ನೇ ನೋಡುತ್ತ ಹಾರಿದೆ. ನಿನ್ನ ಎಡಗೈ ಮಣಿಕಟ್ಟು ಇವತ್ತಿಗೂ ಸ್ವಲ್ಪ ಸೊಟ್ಟ. ಅಪ್ಪ ಕೇಳಿದಾಗ ಕಾಲು ಜಾರಿತು ಎಂದು ಹೇಳಿದವಳು ನೀನು, ಸುಮ್ಮನೆ ನಿಂತವನು ನಾನು. ಆ ಸುಮ್ಮನಿದ್ದದ್ದೇ ನನಗೆ ಈಗ ಹೆಚ್ಚು ಅಸಹ್ಯ.

ಇರಲಿ. ಎರಡನೇ ಶಿಫ್ಟಿನವನು ತನ್ನ ಮಗಳ ಮನೆಗೆಂದು ಈಗಲೇ ನಿಮ್ಮ ಕಡೆ ಹೊರಟಿದ್ದಾನೆ. ಅಂಚೆಯನ್ನು ನಂಬಿ ಕೂರುವುದು ಬೇಡವೆಂದು ಇದನ್ನು ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಸಂಜೆಯೊಳಗೆ ನಿನ್ನ ಕೈ ಸೇರುತ್ತದೆ. ಅವನಿಗೆ ಒಂದು ಲೋಟ ನೀರು ಕೊಡು, ಮಾತಿಗೆ ಕೂರಿಸಬೇಡ, ಬಾಯ್ಲರಿನ ಕಥೆ ಶುರು ಮಾಡಿದರೆ ಏಳುವವನಲ್ಲ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಅವರು ಮಾತ್ರೆ ನಿಲ್ಲಿಸಬೇಡ ಎಂದು ಅಂದೇ ಹೇಳಿದ್ದರಂತೆ, ಅದಕ್ಕೂ ಒಂದು ನಮಸ್ಕಾರ ಸೇರಿಸಿ ಹೇಳು. ಮಕ್ಕಳಿಗೆ ಆಶೀರ್ವಾದ. ನೀನು ನೂರು ವರ್ಷ ಬಾಳು, ನನ್ನ ಜೊತೆ ಜಗಳವಾಡಲು ನಿನ್ನ ಬಿಟ್ಟರೆ ಇನ್ಯಾರಿದ್ದಾರೆ?

ನಿನ್ನ ಅಣ್ಣ

ಮರೆತೆನೆಂದು ತಿಳಿಯಬೇಡ. ಇಷ್ಟು ಹಾಳೆ ತುಂಬಿಸಿದರೂ ಆ ಒಂದು ಸಾಲು ಬರೆಯಲು ಕೈ ಬರಲಿಲ್ಲ, ಅಷ್ಟೇ. ಕಾಗದ ಒಯ್ಯಬೇಕಾದ ಇವನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಗೊಣಗುತ್ತಿದ್ದಾನೆ. ಮಾತ್ರೆ ನಿಲ್ಲಿಸು ಎಂದು ನಾನು ನಿನಗೆ ಬರೆದದ್ದು ತಪ್ಪು. ನೋಡಿಕೋ, ನನ್ನದೇ ಅಕ್ಷರ. ಅಟ್ಟದ ಮೇಲಿನ ಡಬ್ಬಿ ಹಳೆಯದು, ಅದನ್ನು ನುಂಗಬೇಡ. ನಾಳೆ ಬೆಳಿಗ್ಗೆ ಮೊದಲ ಕೆಲಸ ಡಾಕ್ಟರ ಹತ್ತಿರ ಹೋಗಿ, ಎರಡು ವರ್ಷದಿಂದ ಮಾತ್ರೆ ತಗೊಂಡಿಲ್ಲ, ತಲೆಯ ಹಿಂಭಾಗ ಹಿಡಿಯುತ್ತದೆ ಎಂದು ಬಾಯಿಬಿಟ್ಟು ಹೇಳು. ನಿಲ್ಲಿಸು ಅಂದವರು ಯಾರು ಎಂದು ಕೇಳಿದರೆ ಈ ಸಲ ಕಾಲು ಜಾರಿತು ಎನ್ನಬೇಡ, ಅಣ್ಣ ಎಂದೇ ಹೇಳು. ನನ್ನ ಆ ಹಳೆಯ ಕಾಗದವನ್ನು ಹರಿಯಬೇಡ, ಮುಳ್ಳಿನ ಚಿತ್ರವಿರುವುದು. ಕೆಳಗಿನ ಅಕ್ಷರ ಕಾಣುವ ಹಾಗೆ, ನಿಲ್ಲಿಸು ಎಂದಿರುವ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದು, ಇವನು ವಾಪಸು ಬರುವಾಗ ಇವನ ಕೈಗೇ ಕೊಟ್ಟು ಕಳಿಸು. ಪಕ್ಕದಲ್ಲಿ ನಾನು ಸಹಿ ಹಾಕಬೇಕು.